ಅತ್ತೆ ಸರಿ ಎಂದ ಎಣ್ಣೆ

ನಮ್ಮ ಅತ್ತೆಗೆ, ಎಂದರೆ ನನ್ನ ಗಂಡನ ತಾಯಿಗೆ, ಸಿಟ್ಟು ಮಾತ್ರವಲ್ಲ, ಇಡೀ ಬದುಕೇ ಮೂಗಿನ ತುದಿಯಲ್ಲಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಮೂಗಿಗೆ ಹೆದರಿದಷ್ಟು ಪೊಲೀಸರಿಗೂ ಹೆದರಿದವಳಲ್ಲ. ಹೊರಗೆ ಚಪ್ಪಲಿ ಬಿಡುವಷ್ಟರಲ್ಲೇ ಒಳಗಿನಿಂದ, “ಬೇಕರಿಗೆ ಹೋಗಿದ್ಯಾ?” ಎಂಬ ಪ್ರಶ್ನೆ ಬರುತ್ತಿತ್ತು. ಮೊಸರು ನಾಳೆ ಹುಳಿಯಾಗುತ್ತದೆ ಎಂದು ಇವತ್ತೇ ಹೇಳುತ್ತಿದ್ದರು. ನನ್ನ ಗಂಡ ಕದ್ದು ಸಿಗರೇಟು ಸೇದಿ, ಬಾಯಿಗೆ ಏಲಕ್ಕಿ ಹಾಕಿಕೊಂಡು, ಹಿಂಬಾಗಿಲಿನಿಂದ ಬೆಕ್ಕಿನ ಹೆಜ್ಜೆ ಇಟ್ಟು ಬಂದರೂ ಸಿಕ್ಕಿಬೀಳುತ್ತಿದ್ದ. “ಎಂಥ ಮೂಗಿರೋರ ಮನೆಗೆ ಕೊಟ್ಬಿಟ್ರಪ್ಪಾ ನನ್ನ” ಎಂದು ನಾನು ತವರಿಗೆ ಫೋನ್ ಮಾಡಿ ಗೋಳಾಡಿದ್ದುಂಟು.

ಮಾವ ಬೇಗ ತೀರಿಕೊಂಡಿದ್ದರು. ಅತ್ತೆ ಒಬ್ಬ ಧಾನ್ಯದ ವ್ಯಾಪಾರಿಯ ಗೋದಾಮಿನಲ್ಲಿ ದುಡಿದು ಮಗನನ್ನು ಬೆಳೆಸಿದರು. ಚೀಲದ ಹೊಲಿಗೆ ಬಿಚ್ಚಿ, ಮೊಳಕೈವರೆಗೆ ಕೈ ಇಳಿಸಿ, ಒಳಗಿನ ಕಾಳನ್ನು ಹಿಡಿ ತುಂಬ ತೆಗೆದು ಮೂಸುವುದು ಅವರ ಕೆಲಸ. ಅವರು ತಲೆಯಾಡಿಸಿದರೆ ಚೀಲ ಒಳಕ್ಕೆ, ಇಲ್ಲದಿದ್ದರೆ ಬಂದ ದಾರಿಗೆ. ಆದರೆ ಗಿರಾಕಿಗಳೆದುರು ಮೂಸಿ ತೀರ್ಪು ಕೊಡುವವನು ವ್ಯಾಪಾರಿ. ಅತ್ತೆ ಅದಕ್ಕೆ ಮೊದಲೇ ಅವನ ಕಿವಿಯಲ್ಲಿ ಹೇಳಿರುತ್ತಿದ್ದರು. “ಮೂಗು ನಂದು, ಮೀಸೆ ಅವನ್ದು” ಎಂದು ನಗುತ್ತಿದ್ದರು. ಆ ನಗು ಮಾತ್ರ ಪೂರ್ತಿ ನಗುವಾಗಿರುತ್ತಿರಲಿಲ್ಲ.

ಆಮೇಲೆ ನಮ್ಮ ಬಡಾವಣೆಯವರೆಲ್ಲ ಸೇರಿ ಒಂದು ಸಹಕಾರಿ ಅಂಗಡಿ ತೆರೆದರು. ಮುಚ್ಚಿಹೋಗಿದ್ದ ಮುದ್ರಣಾಲಯದ ಶೆಡ್ಡು. ಗೋಡೆಯ ಮೇಲೆ ಇನ್ನೂ ಶಾಯಿಯ ಕಲೆಗಳು. ಸುತ್ತಮುತ್ತಲಿನ ರೈತರು ಬೆಳೆದದ್ದನ್ನು ತಾವೇ ತರಬೇಕು, ಸದಸ್ಯರು ಸರದಿಯ ಮೇಲೆ ತೂಗಿ ಕೊಡಬೇಕು, ಕೊಳ್ಳುವವರು ಡಬ್ಬಿ ಸೀಸೆ ಮನೆಯಿಂದಲೇ ತರಬೇಕು. ರಾಸಾಯನಿಕ ಇಲ್ಲ, ಪ್ಲಾಸ್ಟಿಕ್ ಇಲ್ಲ, ಪ್ಯಾಕೆಟ್ ಇಲ್ಲ. ಪ್ಯಾಕೆಟ್ಟೇ ಇಲ್ಲದ ಮೇಲೆ ತಾರೀಕು ಎಲ್ಲಿ ಬರೆಯುತ್ತಾರೆ? ಹಾಗಾದರೆ ಮಾಲು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವವರು ಯಾರು? ನಮ್ಮತ್ತೆ. ಪ್ರತಿ ಶನಿವಾರ ಬೆಳಿಗ್ಗೆ ಬಂದ ಮಾಲನ್ನೆಲ್ಲ ಬಾಗಿಲ ಬಳಿಯ ಉದ್ದ ಮೇಜಿನ ಮೇಲೆ ಇಡುತ್ತಿದ್ದರು. ಅತ್ತೆ ಒಂದೊಂದನ್ನೂ ಮೂಸಿ “ಸರಿ ಇದೆ” ಎಂದ ಮೇಲೆಯೇ ಹಿಟ್ಟು ಮರದ ಪೆಟ್ಟಿಗೆಗೆ, ಎಣ್ಣೆ ನಲ್ಲಿಯಿರುವ ಪೀಪಾಯಿಗೆ. ಅಂಗಡಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಊರಿಗೆಲ್ಲ ಬೆತ್ತ ತೋರಿಸಿದವರು ಅಲ್ಲಿ ಕೈಯಲ್ಲಿ ಲಾಳಿಕೆ ಹಿಡಿದು ಅತ್ತೆಯ ಬಾಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಶನಿವಾರ ಬಂತೆಂದರೆ ಅತ್ತೆಗೆ ತಲೆ ಬಾಚುವುದಕ್ಕೇ ಅರ್ಧ ಗಂಟೆ ಬೇಕಾಗುತ್ತಿತ್ತು.

ಒಂದು ಚಳಿಗಾಲ ಅವರಿಗೆ ಜ್ವರ ಬಂತು, ಹೋಯಿತು. ಅದಾದ ಮೇಲೆ ಅವರು ನನ್ನನ್ನು ಬೈಯುವುದು ಕಡಿಮೆಯಾಯಿತು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡು ಪೆದ್ದಿ ನಾನು ಒಳಗೊಳಗೇ ಹಿಗ್ಗಿದೆ. ಒಂದು ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಸೀದ ವಾಸನೆ ಮೂಗಿಗೆ ಬಡಿಯಿತು. ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದರೆ ಒಲೆಯ ಮೇಲೆ ಹಾಲಿನ ಪಾತ್ರೆ ಕರಕಲಾಗಿದೆ. ಅತ್ತೆ ಅಲ್ಲೇ, ಒಲೆಗೆ ಬೆನ್ನು ಮಾಡಿ ಕೂತು, ಆರಾಮವಾಗಿ ಬಟಾಣಿ ಬಿಡಿಸುತ್ತಿದ್ದಾರೆ!

ನಾನು ಒಲೆ ಆರಿಸಿದೆ. ಅತ್ತೆ ತಿರುಗಿ ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು. ಆ ಮುಖದಲ್ಲಿ ಅಷ್ಟು ಹೆದರಿಕೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

“ಜ್ವರ ಬಂದಾಗಿಂದ ಏನೂ ವಾಸನೆ ಗೊತ್ತಾಗ್ತಿಲ್ಲ ಕಣೇ” ಎಂದರು. “ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟ್ರು. ಯಾರಿಗೂ ಹೇಳ್ಬೇಡ. ನಿನ್ನ ಗಂಡನಿಗೂ.”

“ಹಾಗಾದ್ರೆ ಶನಿವಾರ ಶನಿವಾರ ಅಲ್ಲಿ ಏನ್ ಮೂಸ್ತಿದ್ರಿ?”

“ಮೂಗು ಇಟ್ಟು ತೆಗೀತಿದ್ದೆ ಅಷ್ಟೇ. ಕಣ್ಣಲ್ಲಿ ನೋಡೋದು, ಬೆರಳಲ್ಲಿ ಉಜ್ಜೋದು, ಸರಿ ಇದೆ ಅನ್ನೋದು. ಪುಣ್ಯಕ್ಕೆ ಇನ್ನೂ ಏನೂ ಆಗಿಲ್ಲ.”

ಆ ಅಂಗಡಿಯ ಹಿಟ್ಟು, ಎಣ್ಣೆ, ಜೇನು ಎಷ್ಟು ಮನೆಗಳ ತಟ್ಟೆಗೆ ಹೋಗುತ್ತದೆ! “ಬಿಟ್ಬಿಡಿ ಅತ್ತೆ, ದಮ್ಮಯ್ಯ” ಎಂದೆ.

“ಬಿಟ್ರೆ ನಾನು ಯಾರು ಅಲ್ಲಿ?” ಎಂದರು.

ಮುಂದಿನ ಶನಿವಾರದಿಂದ ನಾನೂ ಆ ಕಳ್ಳಾಟದಲ್ಲಿ ಪಾಲುಗಾರಳಾದೆ. ನಾನೂ ಅವರ ಪಕ್ಕದಲ್ಲಿ ನಿಂತು, ಸಾಮಾನು ಸರಿಸುವ ನೆಪದಲ್ಲಿ ಮೂಸಿ, ಮೇಜಿನ ಕೆಳಗೆ ಅವರ ಪಾದ ಒತ್ತಬೇಕು. ಒಂದು ಸಲ ಒತ್ತಿದರೆ ಸರಿ, ಎರಡು ಸಲ ಒತ್ತಿದರೆ ಕೆಟ್ಟಿದೆ. ನನ್ನದೇನು ಪಳಗಿದ ಮೂಗೇ? ಮನೆಯಲ್ಲಿ ಬಟ್ಟಲುಗಳಿಗೆ ಬಟ್ಟೆ ಮುಚ್ಚಿಟ್ಟು ಪಾಠ ಶುರುವಾಯಿತು. “ಕಮಟು ಎಣ್ಣೆ ಅಂದ್ರೆ ಹೊಸ ಪೆನ್ಸಿಲ್ ಕೆತ್ತಿದ ಹಾಗೆ. ಮುಗ್ಗಲು ಹಿಟ್ಟು ಅಂದ್ರೆ ಒದ್ದೆ ನ್ಯೂಸ್‌ಪೇಪರ್. ಬಂತಾ? ಸರಿಯಾಗಿ ಎಳ್ಕೊಳೇ, ಮೂಗಿದೆಯಲ್ಲ ನಿಂಗೆ!” ಎಂದು ರೇಗುತ್ತಿದ್ದರು. ಆ ಕೊನೆಯ ಮಾತು ಬಾಯಿಂದ ಬಿದ್ದೊಡನೆ ಅವರೇ ಮುಂದಿನ ಬಟ್ಟಲಿನ ಬಟ್ಟೆ ತೆಗೆಯುತ್ತಿದ್ದರು.

ಬೀದಿಯಲ್ಲಿ ಯಾರದೋ ಮಗು ವಾಂತಿ ಮಾಡಿಕೊಂಡಿತು ಎಂದು ಕಿವಿಗೆ ಬಿದ್ದರೆ ಅತ್ತೆ ಸೊಸೆ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅದು ಬಸ್ಸಿನಲ್ಲಿ ಬಂದದ್ದಕ್ಕೆ ಆದದ್ದು ಎಂದು ಗೊತ್ತಾದ ಮೇಲೆಯೇ ನಾವು ಊಟಕ್ಕೆ ಕೂರುತ್ತಿದ್ದೆವು. ಆಂಬುಲೆನ್ಸ್ ಸದ್ದು ಕೇಳಿದರೆ ಅದು ಯಾವ ಕಡೆಗೆ ತಿರುಗಿತು ಎಂದು ನೋಡಲು ಕಿಟಕಿಗೆ ಓಡುತ್ತಿದ್ದೆ. “ನಿಂಗೇನು ಹುಚ್ಚಾ?” ಎನ್ನುತ್ತಿದ್ದ ಗಂಡ. ಹುಚ್ಚೇ ವಾಸಿ ಅನ್ನಿಸುತ್ತಿತ್ತು.

ಆ ಶನಿವಾರ ಏಳುವಾಗಲೇ ನನಗೆ ನೆಗಡಿ. ಹಬೆ ತೆಗೆದುಕೊಂಡೆ, ಮುಲಾಮು ತಿಕ್ಕಿದೆ. ಮೂಗು ಸಿಮೆಂಟು ಮೆತ್ತಿದಂತೆ ಕಟ್ಟಿಕೊಂಡಿತ್ತು. “ಮೈ ಸರಿ ಇಲ್ಲ ಅಂತ ಹೇಳಿಕಳಿಸೋಣ” ಎಂದು ಅತ್ತೆಯ ಕೈ ಹಿಡಿದುಕೊಂಡೆ. “ಹೇಳಿದ್ರೆ ಇಡೀ ಅಂಗಡೀನೇ ನನ್ನ ನೋಡೋಕೆ ಬರುತ್ತೆ. ಮಾಮೂಲಿ ಮಾಲು ತಾನೇ ಬರೋದು, ನಡಿ” ಎಂದರು. ಹಾಗೆಂದವರು ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಹಿಟ್ಟು, ಕಾಳು, ಜೇನು ಹೇಗೋ ದಾಟಿದವು. ಕೊನೆಗೆ ಗಾಣದಣ್ಣ ಕಡಲೆಕಾಯಿ ಎಣ್ಣೆ ತಂದಿಟ್ಟ. ಎಂದಿನ ಸ್ಟೀಲ್ ಕ್ಯಾನ್ ಅಲ್ಲ, ನೀಲಿ ಬಣ್ಣದ ತಗಡಿನ ಕ್ಯಾನ್. “ಹಳೇದು ಸೋರ್ತಿತ್ತು. ಇದು ಸೆಕೆಂಡ್‌ಹ್ಯಾಂಡ್, ಬಿಸಿನೀರಲ್ಲಿ ತೊಳೆದಿದೀನಿ” ಎಂದ.

ಅತ್ತೆ ಬಾಗಿ ಮೂಗು ಇಟ್ಟರು. ತೆಗೆಯಲಿಲ್ಲ. ನನ್ನ ಕಾಲಿಗಾಗಿ ಕಾಯುತ್ತಿದ್ದಾರೆಂದು ನನಗೆ ಗೊತ್ತು. ನಾನೂ ಬಾಗಿದೆ, ಎಳೆದುಕೊಂಡೆ, ಇನ್ನೊಮ್ಮೆ ಎಳೆದುಕೊಂಡೆ. ಏನೂ ಇಲ್ಲ. ಗೊತ್ತಾಗುತ್ತಿಲ್ಲ ಅತ್ತೆ, ಬೇಡ ಅನ್ನಿ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಹಿಂದೆ ಸೀಸೆ ಹಿಡಿದವರ ಸಾಲು ಬೆಳೆಯುತ್ತಿತ್ತು.

“ಏನಮ್ಮಾ, ಹಾಕೋಣ್ವಾ?” ಎಂದರು ಮೇಷ್ಟ್ರು.

“ಸರಿ ಇದೆ” ಎಂದರು ಅತ್ತೆ.

ಎಣ್ಣೆ ಗಳಗಳನೆ ಪೀಪಾಯಿಗೆ ಬಿತ್ತು. ಸಾಲಿನಲ್ಲಿ ಮೊದಲು ಇದ್ದವಳು ದರ್ಜಿಯ ಮಗಳು. ಅವಳ ಮಗುವಿಗೆ ಆಗಷ್ಟೇ ಗಂಜಿ ಶುರುಮಾಡಿದ್ದರು. “ಒಲೆ ಮೇಲೆ ಗಂಜಿ ಇಟ್ಟು ಬಂದಿದೀನಿ. ಅದಕ್ಕೊಂದು ಚಮಚ ಎಣ್ಣೆ ಹಾಕಿ ಅಂದಿದಾರೆ ಡಾಕ್ಟ್ರು. ನೀವು ನೋಡಿದ್ದು ಅಂದ್ರೆ ಧೈರ್ಯ ಅಜ್ಜಿ” ಎಂದು ಸೀಸೆ ತುಂಬಿಸಿಕೊಂಡು ಹೋದಳು.

ಅತ್ತೆ ಕಾಳಿನ ಪೆಟ್ಟಿಗೆಯ ಹತ್ತಿರ ಹೋಗಿ ಯಾರಿಗೋ ಅಳೆದು ಕೊಡತೊಡಗಿದರು. ಅಳತೆ ತಪ್ಪಿ ಕಾಳು ನೆಲಕ್ಕೆ ಚೆಲ್ಲಿತು. ಬಗ್ಗಿ ಆರಿಸಿದರು, ಮತ್ತೆ ಚೆಲ್ಲಿದರು. ಮೇಷ್ಟ್ರು, “ಸುಸ್ತಾದ್ರೆ ಕೂತ್ಕೊಳ್ಳಿ” ಎಂದರು. ಅತ್ತೆ ಕೂರಲಿಲ್ಲ. ಸೌಟನ್ನು ಕೆಳಗಿಟ್ಟು ನೆಟ್ಟಗೆ ಬಂದು ಪೀಪಾಯಿಯ ನಲ್ಲಿಗೆ ಅಡ್ಡ ನಿಂತರು.

“ಯಾರೂ ಇದನ್ನ ತಗೊಂಡು ಹೋಗ್ಬೇಡಿ. ತಗೊಂಡಿರೋರು ಮುಟ್ಬೇಡಿ. ನಂಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ಗೊತ್ತಾಗಲ್ಲ. ನಿಮಗೆಲ್ಲ ಸುಳ್ಳು ಹೇಳ್ತಿದ್ದೆ.”

ಗಾಣದಣ್ಣ “ನನ್ನೆಣ್ಣೆಗೆ ಏನಾಗಿದೆ ಈಗ?” ಎಂದು ಏರುದನಿಯಲ್ಲಿ ಶುರುಮಾಡಿದ. ಅತ್ತೆ ಅದನ್ನು ಕೇಳಲು ನಿಂತಿರಲಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿಗೆ ಇಳಿದಿದ್ದರು.

ನಾನು ಹಿಂದೆ ಓಡಿದೆ. ಮಂಡಿ ನೋವೆಂದು ಮೆಟ್ಟಿಲಿಗೊಮ್ಮೆ ನರಳುವ ನಮ್ಮತ್ತೆ ಇಸ್ತ್ರಿ ಅಂಗಡಿ ದಾಟಿದರು, ಸೈಕಲ್ ರಿಪೇರಿಯವನ ಟಯರುಗಳನ್ನು ಬೀಳಿಸಿಕೊಂಡು ಹೋದರು. ಅವನು ಬೈದದ್ದು ನನಗೆ ಕೇಳಿಸಿತು, ಅವರಿಗೆ ಕೇಳಿಸಿರಲಾರದು. ಕಟ್ಟಿದ ಮೂಗು, ಬಾಯಲ್ಲೇ ಉಸಿರು. ಗಂಜಿ ಬಿಸಿ ಇರಲಿ, ಆರದೇ ಇರಲಿ, ಗಂಜಿ ಬಿಸಿ ಇರಲಿ, ಆರದೇ ಇರಲಿ ಎಂದು ಒಳಗೇ ಹೇಳಿಕೊಳ್ಳುತ್ತಾ ಓಡಿದೆ. ಅತ್ತೆ ಒಮ್ಮೆ ದೀಪದ ಕಂಬ ಹಿಡಿದು ನಿಂತು, “ನೀನು ಮುಂದೆ ಓಡು, ಓಡೇ!” ಎಂದು ನನ್ನನ್ನು ತಳ್ಳಿದರು.

ದರ್ಜಿಯ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು, ಮೇಲೆ ತೆರೆದ ಬಾಗಿಲು. ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಳ ತೆಗೆದ ಸೀಸೆ. ಮಗು ತಾಯಿಯ ತೊಡೆಯ ಮೇಲಿತ್ತು. ಅವಳ ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಎತ್ತಿದ ಚಮಚ. ನಾನು ಅದನ್ನು ಕಿತ್ತುಕೊಂಡೆ. ಗಂಜಿ ಅವಳ ಮೈಮೇಲೆಲ್ಲ ಚೆಲ್ಲಿತು.

“ಅಯ್ಯೋ, ಏನಾಯ್ತಕ್ಕ!”

“ಕುಡೀತಾ? ಮಗು ಕುಡೀತಾ? ಹೇಳು!”

“ಎಲ್ಲಿ ಕುಡೀತು? ಬಾಯೇ ಬಿಡ್ತಿಲ್ಲ. ಆಗ್ಲಿಂದ ಮುಖ ತಿರುಗಿಸ್ತಿದೆ, ಹಟಮಾರಿ.”

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಬಂದವರೇ ಮಗುವಿನ ಗಲ್ಲ ಹಿಡಿದು, ಬೆರಳಿನಿಂದ ತುಟಿ ಬಿಡಿಸಿ ನೋಡಿದರು. ಒಸಡು, ನಾಲಿಗೆ, ಎಲ್ಲ ಸ್ವಚ್ಛವಾಗಿತ್ತು. ಮಗು ಕಿಟಾರನೆ ಕಿರುಚಿತು. ಆ ಕಿರುಚಾಟ ಕೇಳಿ ನನಗೆ ಅಳು ಬಂದುಬಿಟ್ಟಿತು. ಅತ್ತೆ ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದರು. ದರ್ಜಿಯ ಮಗಳು ಸೀಸೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮಗುವನ್ನು ಎದೆಗೆ ಅವುಚಿಕೊಂಡಳು.

“ನಂಗೂ ಏನೋ ಒಂಥರಾ ಪೇಂಟ್ ವಾಸನೆ ಬಂತು ಅಜ್ಜಿ” ಎಂದಳು. “ಹಾಕೋವಾಗ್ಲೇ ಬಂತು. ಆದ್ರೆ ನೀವು ಸರಿ ಇದೆ ಅಂದಿದ್ರಲ್ಲ. ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡು ಕಲಸಿದೆ.”

ಅತ್ತೆ ನೆಲದ ಮೇಲೆ ಕೂತುಬಿಟ್ಟರು. ಚೆಲ್ಲಿದ್ದ ಗಂಜಿಯನ್ನು ಬರಿಗೈಯಲ್ಲಿ ಬಳಿಯತೊಡಗಿದರು. “ಬಿಡಿ ಅಜ್ಜಿ, ನಾನು ಒರೆಸ್ತೀನಿ” ಎಂದು ಅವಳು ಅಂದರೂ ಬಿಡಲಿಲ್ಲ. ನೆಲ ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

ಸೀಸೆ ಹಿಡಿದುಕೊಂಡು ಇಬ್ಬರೂ ಅಂಗಡಿಗೆ ವಾಪಸ್ ಬಂದಾಗ ಗಾಣದಣ್ಣ ಕ್ಯಾನಿನ ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಕ್ಯಾನ್ ಮಾರಿದ ಗುಜರಿಯವನಿಗೆ ಫೋನ್ ಮಾಡಿ ಕೇಳಿದ್ದನಂತೆ: ಮೊದಲು ಅದರಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರ್ ಇತ್ತು. “ತೊಳೆಯೋವಾಗ್ಲೇ ಅನುಮಾನ ಬಂತು. ಹೇಗಿದ್ರೂ ಅಮ್ಮ ಮೂಸ್ತಾರಲ್ಲ ಅಂತ ತಂದೆ” ಎಂದ. “ಸುರಿಯೋವಾಗ ನಂಗೂ ಏನೋ ಅನ್ನಿಸ್ತು” ಎಂದರು ಮೇಷ್ಟ್ರು, ಲಾಳಿಕೆಯನ್ನೇ ನೋಡುತ್ತಾ. ಸಾಲಿನಲ್ಲಿದ್ದ ಬಡಗಿಯ ಹೆಂಡತಿಗೂ ಅನ್ನಿಸಿತ್ತು. ಅವಳ ಹಿಂದಿದ್ದವರಿಗೂ ಅನ್ನಿಸಿತ್ತು. ಅಲ್ಲಿ ವಾಸನೆ ಬಾರದೇ ಇದ್ದವರು ನಾವಿಬ್ಬರೇ.

ಅತ್ತೆ ಈಗಲೂ ಶನಿವಾರ ಹೋಗುತ್ತಾರೆ. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಮೂಸುವುದಿಲ್ಲ; ಮೇಜಿನ ಕೊನೆಗೆ ಕುರ್ಚಿ ಹಾಕಿಕೊಂಡು, ಸೀಸೆ ತಂದವರನ್ನೆಲ್ಲ ಮೊದಲು ಮೂಸಲು ಹೇಳಿ, “ನಿಂಗೇನ್ ಅನ್ನಿಸ್ತು?” ಎಂದು ಕೇಳುತ್ತಾರೆ. ಬಾಯಿ ಬಿಟ್ಟು ಹೇಳುವವರೆಗೆ ನಲ್ಲಿ ತಿರುಗಿಸುವುದಿಲ್ಲ. ಎಷ್ಟೋ ಮಂದಿ ಮೂಸಿ ನಕ್ಕು, “ನಮಗೇನ್ ಗೊತ್ತಾಗುತ್ತೆ, ನೀವೇ ಹೇಳಿಬಿಡಿ ಅಜ್ಜಿ” ಅನ್ನುತ್ತಾರೆ. ಆಗ ಹಾಲು ಸೀದ ದಿನ ನಾನು ನೋಡಿದ ಆ ಹೆದರಿಕೆ ಅವರ ಮುಖಕ್ಕೆ ವಾಪಸ್ ಬರುತ್ತದೆ, ಮತ್ತು ನಾನು ಮೇಜಿನ ಕೆಳಗೆ ಅವರ ಪಾದದ ಪಕ್ಕದಲ್ಲಿ ನನ್ನ ಪಾದ ಇಡುತ್ತೇನೆ.