ಆಯುಧಪೂಜೆಯ ಅರಿಶಿನ ಮತ್ತು ಒಂದು ದವಡೆ ಹಲ್ಲು

ಭದ್ರಾವತಿಯಲ್ಲಿ ನನ್ನದೊಂದು ಪುಟ್ಟ ಹಲ್ಲಿನ ಕ್ಲಿನಿಕ್ಕಿದೆ. ಶಿವಮೊಗ್ಗದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹುಳುಕು ಹಲ್ಲಿಗೆ ಹಲ್ಲಿನದೇ ಬಣ್ಣದ ರೆಸಿನ್ ತುಂಬುವ ಕೆಲಸದಲ್ಲಿ ನನ್ನ ಕೈಗುಣ ಒಳ್ಳೆಯದೆಂದು ನಾನೇ ನಂಬಿಕೊಂಡಿದ್ದೆ. ಯಾಕೆಂದರೆ ಯಾರೂ ವಾಪಸ್ ಬಂದು ದೂರುತ್ತಿರಲಿಲ್ಲ. ತುಂಬಿದ್ದು ಬಿದ್ದುಹೋದರೆ ನಮ್ಮ ಕಡೆಯ ಜನ ಜಗಳಕ್ಕೆ ಬರುವುದಿಲ್ಲ, ದಾಕ್ಷಿಣ್ಯಪಟ್ಟುಕೊಂಡು ಬೇರೆ ಡಾಕ್ಟರನ್ನು ಹುಡುಕಿಕೊಳ್ಳುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಹಾಗೆ ಮಾಡದೆ ತಿರುಗಿ ಬಂದವರು ಒಬ್ಬರೇ. ಇಲ್ಲಿನ ಕಬ್ಬಿಣದ ಕಾರ್ಖಾನೆಯ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು. ಎಡಗಡೆ ಅಗಿಯಲು ಅವರಿಗೆ ಉಳಿದಿದ್ದು ಒಂದೇ ದವಡೆ ಹಲ್ಲು. ದಸರಾ ಮುಗಿದ ವಾರ ಅದನ್ನು ತುಂಬಿಕೊಟ್ಟಿದ್ದೆ. ಸಂಕ್ರಾಂತಿಯ ಹೊತ್ತಿಗೆ ಬಂದವರು ಕುರ್ಚಿಯಲ್ಲಿ ಕೂರದೆ, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಒಳಗೆ ನಾನು ತುಂಬಿದ್ದ ರೆಸಿನ್ನಿನ ತುಣುಕಿತ್ತು.

"ಏನು ಕಡಿದ್ರಿ? ಚಕ್ಕುಲೀನಾ?" ಎಂದು ರೇಗಿದೆ. ತಪ್ಪು ರೋಗಿಯದೇ ಎಂದು ಮೊದಲೇ ತೀರ್ಮಾನಿಸುವುದು ನನ್ನ ಹಳೆಯ ಚಾಳಿ.

"ಅನ್ನ ಸಾರು, ಡಾಕ್ಟ್ರಮ್ಮ. ಇದನ್ನ ಒಂಚೂರು ತಿರುಗಿಸಿ ನೋಡಿ. ಮೇಲ್ಗಡೆ ಗಟ್ಟಿಯಾಗಿದೆ, ಅಡೀಗೆ ಉಗುರಲ್ಲಿ ಕೆರೆದ್ರೆ ಉದುರತ್ತೆ. ನಮ್ಮ ಮರಳಿನ ಅಚ್ಚು ಒಲೇಲಿ ಸರಿಯಾಗಿ ಬೇಯ್ದೇ ಇದ್ರೆ ಹಿಂಗೇ ಆಗ್ತಿತ್ತು. ನೀವು ಯಾವುದ್ರಲ್ಲಿ ಬೇಯ್ಸೋದು?"

ನನಗೆ ಪಾಠ ಹೇಳಲು ಬಂದರಲ್ಲ ಎಂದು ಮೈಯುರಿಯಿತು. ಆದರೂ ಹೇಳಿದೆ, ಬೆಂಕಿಯಲ್ಲ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತೇವೆ ಎಂದು. ಲೈಟನ್ನು ಕೈಗೆತ್ತಿಕೊಂಡು ಹಚ್ಚಿ ತೋರಿಸಿದೆ. "ಬೆಳಕಲ್ಲಮ್ಮ, ಅದರ ಬಾಯಿ ತೋರ್ಸಿ" ಎಂದರು.

ಲೈಟು ಆರಿಸಿ ಅದರ ಪ್ಲಾಸ್ಟಿಕ್ ಹೊದಿಕೆ ಕಳಚಿದೆ. ಬೆಳಕು ಹೊರಬರುವ ತುದಿಯ ಗಾಜಿನ ಮೇಲೆ ತೆಳ್ಳಗೆ ಹಳದಿ ಪೊರೆ ಕೂತಿತ್ತು.

ಆಯುಧಪೂಜೆಯ ದಿನ ಎಲ್ಲ ಸಲಕರಣೆಗಳಿಗೂ ಅರಿಶಿನ ಕುಂಕುಮ ಹಚ್ಚಿದವಳು ನಾನೇ. ಲೈಟಿಗೆ ಮಾತ್ರ ಸರಿಯಾಗಿ ಬಾಯಿಗೇ ಬಳಿದಿದ್ದೆ. ಕೆಲಸ ಆಗುವುದು ಅಲ್ಲಿಂದ, ಪೂಜೆಯೂ ಅಲ್ಲಿಗೇ ಆಗಲಿ ಎಂಬ ಭಕ್ತಿ! ಮಾರನೆಯ ದಿನ ಒಣ ಹತ್ತಿಯಲ್ಲಿ ಒರೆಸಿ ಹೊದಿಕೆ ಹಾಕಿದ್ದೆ. ಆಮೇಲೆ ಹೊದಿಕೆಯನ್ನು ಮೇಲಿಂದಲೇ ಒರೆಸುತ್ತಿದ್ದೆನೇ ಹೊರತು ಕಳಚಿರಲಿಲ್ಲ. ಆ ಬೆಳಕನ್ನು ಬರಿಗಣ್ಣಲ್ಲಿ ನೋಡಬಾರದೆಂದು ಕಿತ್ತಳೆ ಬಣ್ಣದ ಫಲಕ ಹಿಡಿದೇ ನೋಡುತ್ತೇವೆ. ಅದರಲ್ಲಿ ಹಳದಿ ಎಲ್ಲಿ ಕಾಣಬೇಕು?

ಹಿರಿಯರು ನಗಲಿಲ್ಲ. "ನಾವೂ ಪೂಜೆ ಜೋರಾಗೇ ಮಾಡ್ತಿದ್ವಿ. ಅಳತೆ ಸಾಮಾನಿಗೆ ಮಾತ್ರ ಅದರ ಡಬ್ಬಿ ಮೇಲೆ ಕುಂಕುಮ ಇಡ್ತಿದ್ವಿ" ಎಂದರು.

ಪರೀಕ್ಷಿಸಿ ನೋಡಲು ಎಳನೀರಿನ ಸ್ಟ್ರಾ ಒಂದನ್ನು ಕತ್ತರಿಸಿ, ತುಂಡಿನೊಳಗೆ ರೆಸಿನ್ ತುಂಬಿ ಅದೇ ಹಳದಿ ಗಾಜಿನಿಂದ ಬೆಳಕು ಬಿಟ್ಟೆ. ಹೊರಗೆ ತಳ್ಳಿ ಕೆರೆದರೆ ಕೆಳಗಿನ ಅರ್ಧ ಮೆತ್ತಗೆ ಕಿತ್ತು ಬಂತು. ಗಾಜನ್ನು ಸ್ಪಿರಿಟ್ಟಿನಲ್ಲಿ ತಿಕ್ಕಿ ತೊಳೆದು ಇನ್ನೊಂದು ತುಂಡಿಗೆ ಬೆಳಕು ಬಿಟ್ಟೆ. ಅದು ಅಡಿಯವರೆಗೂ ಕಲ್ಲಾಗಿತ್ತು.

ದಸರಾದಿಂದ ಸಂಕ್ರಾಂತಿಯವರೆಗೆ ನಾನು ತುಂಬಿದ ಹಲ್ಲುಗಳೆಲ್ಲ ಹೀಗೇ ಒಳಗೆ ಹಸಿ. 'ನನ್ನ ಕೆಲಸ ಕೆಟ್ಟಿದೆ, ಮತ್ತೆ ಬನ್ನಿ' ಎಂದು ಡಾಕ್ಟರೇ ಫೋನ್ ಮಾಡಿದರೆ ಈ ಊರಲ್ಲಿ ಆ ಕ್ಲಿನಿಕ್ಕಿಗೆ ಇನ್ನು ಯಾರು ಬರುತ್ತಾರೆ? ಮಾಡದಿದ್ದರೆ ಹುಳುಕು ಅಡಿಯಲ್ಲೇ ಬೇರಿನವರೆಗೆ ಇಳಿಯುತ್ತದೆ, ನನ್ನಿಂದ ಆಯಿತೆಂದು ಯಾರಿಗೂ ತಿಳಿಯುವುದಿಲ್ಲ. ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡೋಣ ಎಂದೇ ಮೊದಲು ಅನ್ನಿಸಿತು.

ಮೊದಲು ಹಿರಿಯರ ಹಲ್ಲನ್ನು ಹೊಸದಾಗಿ ತುಂಬಲು ಕೂತೆ. ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ತೆಳ್ಳಗೆ ಒಂದೊಂದೇ ಪದರ ಇಟ್ಟು, ಪ್ರತಿ ಪದರಕ್ಕೂ ಬೆಳಕು ಬಿಟ್ಟೆ. ಓದುವಾಗ ಕಲಿತಿದ್ದು ಇದನ್ನೇ. ರೋಗಿಗಳು ಹೆಚ್ಚಾದಂತೆ ಒಂದೇ ಮುದ್ದೆ ಒತ್ತಿ ಕಳಿಸುವುದು ರೂಢಿಯಾಗಿತ್ತು. ಅಷ್ಟು ಹೊತ್ತೂ ಅವರು ಬಾಯಿ ತೆರೆದು ಅಲುಗಾಡದೆ ಕೂತಿದ್ದರು. ಎದ್ದವರು, "ಇನ್ನೂ ಎಷ್ಟು ಜನ ಇದಾರೆ?" ಎಂದು ಕೇಳಿದರು. ನಾನು ರೋಗಿಗಳ ಪುಸ್ತಕ ತೆಗೆದು ದಸರಾದಿಂದೀಚಿನ ಪುಟಗಳನ್ನು ತಿರುವಿದೆ. "ಫೋನ್ ಮಾಡಿ" ಎಂದಷ್ಟೇ ಹೇಳಿ ಹೊರಟರು.

ಮಾಡಿದೆ. ಒಬ್ಬರು ಬಾಯಿಗೆ ಬಂದಂತೆ ಬೈದರು. ಆಯನೂರಿನವರೊಬ್ಬರು ಮಾತು ಮುಗಿಯುವ ಮೊದಲೇ ಫೋನಿಟ್ಟರು. ನನ್ನ ಮೇಲಿನ ಅಭಿಮಾನಕ್ಕೆ ಶಿವಮೊಗ್ಗದ ಕೋಟೆ ಕಡೆಯಿಂದ ಭದ್ರಾವತಿಯವರೆಗೆ ಬಂದು ಹಲ್ಲು ತೋರಿಸುವ ಸಂಸ್ಕೃತ ಮೇಷ್ಟರ ಹೆಂಡತಿ ಮಾತ್ರ, "ಅಯ್ಯೋ ಮಾರಾಯ್ತಿ, ನಂದು ಯಾವತ್ತೋ ಬಿತ್ತು. ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ" ಎಂದರು. ನನಗೆ ಅಳುವೇ ಬಂತು. ಆದರೆ ಹೆಚ್ಚಿನವರು ಬಂದರು. ಬಂದು ಅದೇ ಕುರ್ಚಿಯಲ್ಲಿ ಕೂತು ನನ್ನ ಮುಂದೆ ಬಾಯಿ ತೆರೆದರು. ಅವರಲ್ಲಿ ಒಬ್ಬೊಬ್ಬರಿಗೂ ನಾನು ಋಣಿ.

ಮೊನ್ನೆ ಆ ಹಿರಿಯರು ತಪಾಸಣೆಗೆ ಬಂದಿದ್ದರು. ದವಡೆ ಹಲ್ಲು ಗಟ್ಟಿಯಾಗಿದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಆವತ್ತು ಬೇರೆ ಡಾಕ್ಟ್ರ ಹತ್ರ ಯಾಕೆ ಹೋಗ್ಲಿಲ್ಲ ನೀವು?"

"ಹೋಗಿದ್ರೆ ನನ್ನ ಹಲ್ಲೊಂದು ಸರಿಹೋಗ್ತಿತ್ತು. ನಿಮಗೆ ಯಾರು ಹೇಳ್ತಿದ್ರು?"

ಅವರು ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದೆ.