ಬೆನ್ನು ತಿರುಗಿಸಿ ಕೂರುವ ಆಟ

ನಾನು ಸಲ್ಮಾಳ ಬೆನ್ನು ತಟ್ಟಿ ‘ಖೋ’ ಎಂದೆ. ಅವಳು ಓಡಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನೆಲಕ್ಕೆ ಹಣೆ ಹಚ್ಚಿಬಿಟ್ಟಳು. ಸಾಲಿನಲ್ಲಿ ಕೂತಿದ್ದ ಉಳಿದ ಮಕ್ಕಳೂ ಒಬ್ಬರನ್ನು ನೋಡಿ ಒಬ್ಬರು ಹಾಗೇ ಬಾಗಿದರು. ಸುರಪುರದಲ್ಲಿ ಖೋ ಎಂದರೆ ಹುಡುಗಿಯರು ಚಿಗರಿಯಂತೆ ಜಿಗಿಯುವುದನ್ನು ಕಂಡವಳು ನಾನು. ಕೈರೋದ ಆ ಅಂಗಳದಲ್ಲಿ ಏನಾಯಿತೆಂದೇ ತಿಳಿಯಲಿಲ್ಲ.

ಒಳಗಿನಿಂದ ಚಿತ್ರದ ಟೀಚರ್ ಆಮ್ನಾ ಓಡಿ ಬಂದರು. ಕೈತುಂಬ ಬಣ್ಣ. ಮಕ್ಕಳ ಎದುರು ನೆಲದ ಮೇಲೆ ಕೂತು ಮೆಲ್ಲಗೆ ಏನೋ ಮಾತಾಡಿದರು. ಮಕ್ಕಳು ಎದ್ದು ಅವರ ಹಿಂದೆ ಹೋದರು. ಸುಣ್ಣದ ಗೆರೆಗಳ ನಡುವೆ ನಾನೊಬ್ಬಳೇ ಉಳಿದೆ. ಆಗ ನನಗೆ ಮೊದಲು ಆದದ್ದು ಮರುಕವಲ್ಲ, ಹೊಟ್ಟೆಕಿಚ್ಚು. ಊರಿನವರಿಗೆ ಬರೆಯುವಾಗ ಸುಳ್ಳು ಯಾಕೆ?

ನಾನು ರಂಗಂಪೇಟೆಯವಳು, ಸುರಪುರದ ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದವಳು. ನಮ್ಮ ಮನೆಯವರು ಸಗರದವರು. ಹೊಲಿಗೆ ಯಂತ್ರ ರಿಪೇರಿ ಅವರ ಕಸುಬು. ಕೈರೋ ಸಮೀಪದ ಬಟ್ಟೆ ಕಾರ್ಖಾನೆಯೊಂದು ಕರೆಯಿತೆಂದು ಅವರು ಹೊರಟರು, ಹಿಂದೆಯೇ ನಾನೂ. ಮನೆ ಸಿಕ್ಕಿದ್ದು ಐದನೆಯ ಮಹಡಿಯಲ್ಲಿ. ರಂಗಂಪೇಟೆಯಲ್ಲಿ ಕಟ್ಟೆಯ ಮೇಲೆ ಕೂತರೆ ಓಣಿಯೇ ಬಂದು ಮಾತಾಡಿಸಿ ಹೋಗುತ್ತದೆ. ಇಲ್ಲಿ ಮಾತಾಡಿಸುವವನು ಬವ್ವಾಬ್ ಒಬ್ಬನೇ. ಬವ್ವಾಬ್ ಎಂದರೆ ಕಟ್ಟಡದ ಬಾಗಿಲು ಕಾಯುವವ, ಮೆಟ್ಟಿಲ ಕೆಳಗೇ ಸಂಸಾರ ಹೂಡಿದವ. ಸುಡಾನಿನ ಯುದ್ಧದಿಂದ ಓಡಿಬಂದ ಮಕ್ಕಳಿಗೆ ಚಿತ್ರ, ಆಟ ಕಲಿಸುವ ಕೇಂದ್ರವೊಂದು ಪಕ್ಕದ ಓಣಿಯಲ್ಲಿದೆ ಎಂದು ಹೇಳಿದವನೂ ಅವನೇ. ಖೋ ಖೋ ಕಲಿಸುತ್ತೇನೆಂದು ಹೋದೆ. ಸಂಜೆಯ ಒಂದು ಅವಧಿ ಕೊಟ್ಟರು. ಈ ದೊಡ್ಡ ಶಹರದಲ್ಲಿ ಯಾರಾದರೂ ನನ್ನ ದಾರಿ ಕಾಯುವುದಿದ್ದರೆ ಆ ಹೊತ್ತು ಮಾತ್ರ.

ಆಮ್ನಾ ಸುಡಾನಿನವರೇ, ಮಕ್ಕಳಂತೆ ಅವರೂ ಮನೆ ಬಿಟ್ಟು ಬಂದವರು. ಬಣ್ಣ ಮುಗಿದರೆ ಚಹಾಕ್ಕೆ ಕುದಿಸುವ ಕೆಂಪು ಹೂವಿನ ರಸದಲ್ಲಿ ಕುಂಚ ಅದ್ದಿಸುತ್ತಾರೆ, ಅರಿಸಿನ ಕಲಸುತ್ತಾರೆ, ಕಾಫಿ ಗಸಿಯನ್ನೂ ಬಿಡುವುದಿಲ್ಲ. ಚಿತ್ರಗಾರರಿಗೆ ಹೆಸರಾದ ಸುರಪುರದಿಂದ ಬಂದ ನನಗೆ ಒಂದು ಮಾವಿನಕಾಯಿ ನೆಟ್ಟಗೆ ಬರೆಯಲು ಬಾರದು. ಅವರ ಅಡುಗೆಯೂ ನನ್ನನ್ನು ಕಾಡಿತು. ಸುಡಾನಿನವರೂ ನಮ್ಮಂತೆ ಜೋಳ ತಿನ್ನುವವರು. ಹಿಟ್ಟನ್ನು ಹುಳಿ ಬರಿಸಿ, ಕಾದ ತವೆಯ ಮೇಲೆ ತೆಳ್ಳಗೆ ಎಳೆದು, ಕಿಸ್ರಾ ಎಂಬ ರೊಟ್ಟಿ ಮಾಡುತ್ತಾರೆ. ಆಮ್ನಾರ ಕಿಸ್ರಾ ಮಲ್ಲಿನ ಬಟ್ಟೆಯಂತೆ ಮಡಿಕೆ ಬೀಳುತ್ತಿತ್ತು. ಅದೇ ಅಂಗಡಿಯ ಹಿಟ್ಟು ತಂದು ನಾನು ಬಡಿದ ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿತ್ತು. ಜೋಳ ಕೂಡ ಅವರ ಪಕ್ಷ.

ಮಕ್ಕಳು ನನ್ನನ್ನು ‘ಮಿಸ್’ ಎನ್ನುತ್ತಿದ್ದರು, ಆಮ್ನಾರನ್ನು ‘ಖಾಲ್ತೋ’. ಅವ್ವನ ತಂಗಿ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ರಂಗಂಪೇಟೆಯಲ್ಲಿ ಗೋಡೆಗೆ ಗೋಡೆ ಹಚ್ಚಿದ ಮನೆಯ ಖೈರುನ್ ಖಾಲಾ ನನ್ನನ್ನು ಎತ್ತಿ ಆಡಿಸಿದವರು. ಅಜ್ಜಿಯ ಕನ್ನಡ, ಖಾಲಾರ ದಖನಿ ಎರಡನ್ನೂ ನಾನು ಒಂದೇ ಕಟ್ಟೆಯ ಮೇಲೆ ಕಲಿತೆ. ಆ ಕರೆಯ ಬೆಲೆ ಗೊತ್ತಿದ್ದದ್ದಕ್ಕೇ ಅಷ್ಟು ಉರಿ.

ಸಲ್ಮಾ ನೆಲಕ್ಕೆ ಬಾಗಿದ ಮರುದಿನ ಅಂಗಳಕ್ಕೆ ಒಂದು ಮಗುವೂ ಬರಲಿಲ್ಲ. ಹೀಗೇ ಆದರೆ ಆಟದ ಅವಧಿಯನ್ನೂ ಚಿತ್ರಕ್ಕೆ ಕೊಡಬೇಕಾಗುತ್ತದೆ ಎಂದು ಕೇಂದ್ರದವರು ನಯವಾಗಿಯೇ ಹೇಳಿದರು. ಮನೆಗೆ ಬಂದು ಆಮ್ನಾರನ್ನು ಬಾಯಿಗೆ ಬಂದಂತೆ ಅಂದೆ. ನಮ್ಮ ಮನೆಯವರು ಬಿರಿದ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡರು.

“ಆಕಿ ಮ್ಯಾಲ ಸಿಟ್ಟಿಲ್ಲ ನಿನಗ, ಹೊಟ್ಟಿಕಿಚ್ಚದ. ಮಕ್ಕಳು ಯಾಕ ಬಗ್ಗಿದ್ವು ಅಂತ ಆಕಿನ್ನ ಕೇಳಿದೇನು?”

ಕೇಳಿರಲಿಲ್ಲ. ಕೇಳಲು ಹೋದೆ. ನನ್ನ ಮುರುಕು ಅರಬ್ಬಿ, ಅವರ ಮುರುಕು ಇಂಗ್ಲಿಷು. ಆದರೂ ಅವರ ಮಾತು ನನ್ನ ಕಿವಿಗೆ ನಮ್ಮೂರ ದಾಟಿಯಲ್ಲೇ ಬಿದ್ದದ್ದು, ಹಾಗೇ ಬರೆಯುತ್ತೇನೆ. “ಊರು ಬಿಟ್ಟು ಓಡಿ ಬರೋ ಮುಂದ ಇವರನ್ನ ರಸ್ತಾದಾಗ ಸಾಲಾಗಿ ಕುಂದ್ರಿಸಿದ್ರು. ಬೆನ್ನ ಹಿಂದ ಬಂದೂಕು ಹಿಡಕೊಂಡು ಅಡ್ಡಾಡಿದ್ರು. ನಿಮ್ಮ ಆಟನೂ ಹಂಗೇ ಅದಲ್ಲ?”

ಖೋ ಖೋದ ಜೀವವೇ ಬೆನ್ನು. ಹಿಂದೆ ಯಾರು ಬರುತ್ತಿದ್ದಾರೆಂದು ನೋಡದೆ ಕೂರಬೇಕು, ಬೆನ್ನಿಗೆ ಕೈ ತಾಗಿದೊಡನೆ ಏಳಬೇಕು. ಹುಡುಗಿಯರಿಗೆ ಇದನ್ನೇ ಹೇಳಿಕೊಟ್ಟು ನನ್ನ ಕೂದಲು ಹಣ್ಣಾಗಿದ್ದವು.

ಆಮೇಲೆ ಸಾಲಿನಲ್ಲಿ ನಾನೊಬ್ಬಳೇ ಕೂತೆ. ಮಕ್ಕಳು ಬರೀ ಖೋ ಕೊಡುವುದು, ನಾನು ಏಳುವುದು. ಮೊದಲು ಬಾಗಿಲ ಸಂದಿಯಿಂದ ನೋಡಿದರು. ಒಬ್ಬ ಬಂದು ತಟ್ಟಿ ಓಡಿದ. ಮರುದಿನ ಇನ್ನಷ್ಟು ಮಂದಿ. ಸಲ್ಮಾ ತಟ್ಟಿದ ರಭಸಕ್ಕೆ ಬೆನ್ನು ಚುರುಗುಟ್ಟಿತು. ನಾನು ಏಳುವುದು ಮುದಿ ಒಂಟೆ ಎದ್ದಂತಿದೆ ಎಂದೂ ಅಂದಳು. ಅವರು ಕೂರುವ ಸರದಿ ಬಂದಾಗ ನಿಯಮವನ್ನೇ ಬದಲಿಸಿದೆ. ಎದುರಿಗೆ ಹೋಗಿ ಮುಖ ತೋರಿಸಬೇಕು, ಕೂತವರ ಹೆಸರು ಹಿಡಿದು ಕರೆಯಬೇಕು, ಆಮೇಲೆ ಅಂಗೈ ಮುಟ್ಟಬೇಕು. ನಮ್ಮಲ್ಲಿ ಅದು ಫೌಲು. ಇಲ್ಲಿ ಅದೇ ಆಟ.

ಅವಧಿ ಉಳಿಯಿತು. ಆದರೆ ಒಂದು ಸಂಜೆ ಸಲ್ಮಾ ತಾನಾಗಿಯೇ ಬೆನ್ನು ತಿರುಗಿಸಿ ಕೂತಳು, ನಮ್ಮೂರ ಪದ್ಧತಿಯಂತೆ. ಹಿಂದೆ ನಾನಿದ್ದೆ. ಅವಳ ಕಣ್ಣು ಎದುರಿನ ಮೆಟ್ಟಿಲ ಮೇಲಿದ್ದ ಆಮ್ನಾರ ಮುಖದ ಮೇಲಿತ್ತು, ಒಂದು ಸಲವೂ ಕದಲಲಿಲ್ಲ. ಮೆಲ್ಲಗೆ ಖೋ ಎಂದೆ. ಅವಳು ಎದ್ದು ಓಡಿದಳು. ಆಮ್ನಾ ಅತ್ತರು. ಕಲಿಸಿದ ಆಟ ನನ್ನದು, ನಂಬಿದ ಮುಖ ಅವರದು. ಅವತ್ತು ಸಂತೋಷಪಟ್ಟೆ ಎಂದರೆ ಅರ್ಧ ನಿಜ.

ಈ ಸಲ ರಜೆಗೆ ಊರಿಗೆ ಬಂದಾಗ ಹಳೆಯ ಶಾಲೆಗೆ ಹೋದೆ. ಕೊಡೇಕಲ್ ಕಡೆಯ ಹೊಸ ಟೀಚರ್, ಕೊರಳಲ್ಲಿ ಸೀಟಿ, ಹುಡುಗಿಯರು ಅವಳ ಕಣ್ಸನ್ನೆಗೇ ಓಡುತ್ತಿದ್ದರು. ಆಗಲೂ ಹೊಟ್ಟೆಯಲ್ಲಿ ಅದೇ ಬೆಂಕಿ. “ಬರ್ರಿ ಟೀಚರ್, ಒಂದಾಟ ಆಡ್ರಿ” ಎಂದು ಅವಳೇ ಕರೆದಳು. ಓಡಿದೆ. ಕೂತಿದ್ದ ಹುಡುಗಿಯೊಬ್ಬಳ ಹತ್ತಿರ ಬಂದವಳು ಸುತ್ತಿ ಅವಳ ಎದುರಿಗೆ ಹೋಗಿ ನಿಂತೆ. ಹೆಸರು ಗೊತ್ತಿರಲಿಲ್ಲ. ನಿನ್ನ ಹೆಸರೇನವ್ವ ಎಂದು ಕೇಳಿದೆ.

“ಫೌಲ್ ಆತ್ರಿ ಟೀಚರ್,” ಎಂದು ಆ ಹುಡುಗಿ ನಕ್ಕಳು. “ಹೆಸರು ಆಮ್ಯಾಲ ಕೇಳ್ರಿ. ಮೊದಲು ಹಿಂದಿನಿಂದ ಬಂದು ಖೋ ಕೊಡ್ರಿ.”

ಹಿಂದಕ್ಕೆ ಹೋದೆ. ಯಾರ ಭಯವೂ ಇಲ್ಲದ ಬೆನ್ನು, ಒಮ್ಮೆಯೂ ತಿರುಗಿ ನೋಡದ ಕತ್ತು. ಇಂಥದೊಂದು ಬೆನ್ನು ಸಲ್ಮಾಳಿಗೆ ಯಾಕಿಲ್ಲವೆಂದು ಈ ಪರಿಚಯವಿಲ್ಲದ ಹುಡುಗಿಯ ಮೇಲೂ ಅಸೂಯೆಯಾಯಿತು. ಖೋ ಎಂದೆ. ಅವಳು ಜಿಗಿದಳು. ನಿಯಮದಂತೆ ಅವಳು ಬಿಟ್ಟ ಜಾಗದಲ್ಲಿ ನಾನು ಕೂತೆ. ಹಿಂದೆ ಓಡುವ ಕಾಲುಗಳ ಸಪ್ಪಳ. ತಿರುಗಿ ನೋಡಬಾರದು.

ನೋಡಿದೆ.