ಎಂಟನೆಯ ಹಿಡಿಕೆ

ಅವನಿಗೆ ಬುಗುರಿ ಅಂತ ಹೆಸರಿಟ್ಟವರು ಯಾರೋ ಏನೋ, ಸರಿಯಾಗಿಯೇ ಇಟ್ಟಿದ್ದರು. ಕೂತಲ್ಲಿ ಕೂರುವ ಆಸಾಮಿಯೇ ಅಲ್ಲ. ಊಟಕ್ಕೆ ಕೂತರೂ ಒಂದು ಕಾಲು ಚಪ್ಪಲಿ ಹುಡುಕುತ್ತಿರುತ್ತದೆ. ತಗಡಿನ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕರಗಿಸಿ, ಅಚ್ಚಿಗೆ ಎರೆದು, ಬಾಗಿಲ ಹಿಡಿಕೆ ಮಾಡೋದು ಅವನ ಕಸುಬು. ಐದು ಜನ ಆಳು, ಒಂದು ಕುಲುಮೆ, ಒಂದು ಅಚ್ಚು, ಹನ್ನೊಂದು ವರ್ಷ.

ವ್ಯಾಪಾರ ಹೇಗಿದೆ ಅಂತ ಕೇಳಿದರೆ ಕುಲುಮೆಯ ಕಡೆ ಕೈ ತೋರಿಸುತ್ತಿದ್ದ. ಉರಿಯುತ್ತಿದೆಯಲ್ಲ, ಇನ್ನೇನು ಬೇಕು? ಆರ್ಡರಿಗೆ ಬರವಿಲ್ಲ, ಆಳುಗಳಿಗೆ ಪುರುಸೊತ್ತಿಲ್ಲ. ಆದರೆ ತಿಂಗಳ ಕೊನೆಗೆ ಕೂಲಿ ಕೊಡೋ ಹೊತ್ತಿಗೆ ಕೈ ಬರಿದು. ಲೋಹದ ಅಂಗಡಿಯವನು ಫೋನ್ ಮಾಡಿದರೆ ಬುಗುರಿ ಶೆಡ್ಡಿನ ಹಿಂದೆ ಹೋಗಿ ನಿಲ್ಲುತ್ತಿದ್ದ. ಇಷ್ಟು ದುಡಿದರೂ ದುಡ್ಡು ನಿಲ್ಲುತ್ತಿಲ್ಲ ಅಂದರೆ ದುಡಿದದ್ದು ಸಾಲದು ಅಂತ ಅವನ ತೀರ್ಮಾನ. ಇನ್ನೊಂದು ಕುಲುಮೆ ಹಾಕೋಣ, ಮನೆಯ ಮೇಲೆ ಸಾಲ ತೆಗೆಯೋಣ! ಆದರೆ ಮನೆ ಇದ್ದದ್ದು ಹೆಂಡತಿಯ ಹೆಸರಿನಲ್ಲಿ. ಅವಳು ಸಹಿ ಹಾಕಬೇಕು.

ಬ್ಯಾಂಕಿಗೆ ಹೋಗಬೇಕಾದ ದಿನ ಬೆಳಿಗ್ಗೆ ಅವಳು ಸೀದಾ ಶೆಡ್ಡಿಗೇ ಬಂದಳು. ಬುಗುರಿ ಎಂದಿನಂತೆ ಎಮರಿ ಪೇಪರ್ ಹಿಡಿದು ಅಚ್ಚನ್ನು ಉಜ್ಜುತ್ತಿದ್ದ. ಇದೊಂದು ಕೆಲಸ ಮಾತ್ರ ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಚ್ಚು ಕನ್ನಡಿಯ ಹಾಗಿದ್ದರೆ ಹಿಡಿಕೆಯೂ ಕನ್ನಡಿಯ ಹಾಗೆ ಬರುತ್ತದೆ ಅಂತ ಅವನ ಹೆಮ್ಮೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಉಜ್ಜಲೇಬೇಕು, ಇಲ್ಲದಿದ್ದರೆ ಕೈ ಕಡಿಯುತ್ತದೆ.

"ಸಹಿ ಹಾಕ್ತೀನಿ ರೀ," ಅಂದಳು. "ಒಂದು ಹಿಡಿಕೆಯಿಂದ ನಮಗೆ ಎಷ್ಟು ಉಳಿಯುತ್ತೆ, ಅದನ್ನ ಹೇಳಿಬಿಡಿ."

ಅದೇನು ಬ್ರಹ್ಮವಿದ್ಯೆಯಾ ಅಂತ ಅವನು ಹಳೇ ಪಾಠ ಒಪ್ಪಿಸಿದ. ಒಂದು ಕಿಲೋ ಲೋಹಕ್ಕೆ ಎಂಟು ಹಿಡಿಕೆ. ಏಳು ಮಾರಿದ ದುಡ್ಡು ಲೋಹಕ್ಕೆ, ಕುಲುಮೆ ಉರಿಸೋ ಎಣ್ಣೆಗೆ, ಕೂಲಿಗೆ, ಬಾಡಿಗೆಗೆ. ಎಂಟನೆಯದು ಮನೆಗೆ.

"ಹಾಗಾದ್ರೆ ಆ ಎಂಟನೆಯದು ಎಲ್ಲಿ ಹೋಗ್ತಿದೆ?"

ಬುಗುರಿಯ ಕೈ ನಿಂತಿತು. ಈ ಪ್ರಶ್ನೆ ಎರಡು ವರ್ಷದ ಹಿಂದೆ ಅವನೇ ಕೇಳಿದ್ದು, ಅದೂ ಆಳುಗಳೆಲ್ಲರ ಮುಂದೆ, ಗಂಟಲು ಹರಿಯುವ ಹಾಗೆ. ಆಗ ಲೋಹದ ಕೋಣೆಯ ಬೀಗದಕೈ ಇದ್ದದ್ದು ಭಾಮೈದನ ಹತ್ತಿರ, ಅಂದರೆ ಅವಳ ಒಬ್ಬನೇ ತಮ್ಮನ ಹತ್ತಿರ. ನೂರು ಕಿಲೋ ಕರಗಿಸಿದರೆ ಎಂಟುನೂರು ಹಿಡಿಕೆ ಬರಬೇಕು, ಬರುತ್ತಿದ್ದದ್ದು ಏಳುನೂರ ಇಪ್ಪತ್ತೋ ಮೂವತ್ತೋ. ಲೋಹಕ್ಕೇನು ಕಾಲು ಬರುತ್ತದಾ? ಕದ್ದು ಮಾರಿದ್ದೀಯ ಅಂತ ಭಾಮೈದನನ್ನು ಆಚೆ ಹಾಕಿದ. ಕಳ್ಳ ಹೋದ ಮೇಲೆ ಲೆಕ್ಕ ಯಾಕೆ ಅಂತ ಅವತ್ತಿನಿಂದ ಎಣಿಸೋದನ್ನೂ ಬಿಟ್ಟ. ಅಲ್ಲಪ್ಪಾ, ಇಂಥ ಬುದ್ಧಿವಂತನಿಗೆ ಯಾರು ಏನು ಹೇಳೋದು!

ಈಗ ಹೆಂಡತಿ ಮೂಲೆಯ ತಕ್ಕಡಿಯ ಹತ್ತಿರ ಹೋದಳು. ಬುಟ್ಟಿಯಿಂದ ಎಂಟು ಹಿಡಿಕೆ ತೆಗೆದು ತಕ್ಕಡಿಗೆ ಹಾಕಿದಳು. ಒಂದು ಕಿಲೋ ನೂರ ನಲವತ್ತು ಗ್ರಾಂ. ತಕ್ಕಡಿ ಕೆಟ್ಟಿದೆ ಅಂದ. ಒಂದು ಕಿಲೋ ತೂಕದ ಬಟ್ಟು ಇಟ್ಟಳು, ಸರಿಯಾಗಿ ಒಂದು ಕಿಲೋ ತೋರಿಸಿತು. ಈ ಎಂಟರಲ್ಲಿ ಯಾವುವೋ ದಪ್ಪನೆಯವು ಸೇರಿಕೊಂಡಿವೆ ಅಂದ. ಬೇರೆ ಎಂಟು ಹಾಕಿದಳು, ಆಮೇಲೆ ಇನ್ನೂ ಎಂಟು. ಒಂದನ್ನು ಕೆಳಗೆ ತೆಗೆದರಷ್ಟೇ ತಕ್ಕಡಿ ಕಿಲೋದ ಹತ್ತಿರ ಬರುತ್ತಿತ್ತು.

ಬುಗುರಿ ಎಮರಿ ಪೇಪರ್ ಬಿಸಾಕಿ ಎದ್ದ. ಬೀರು ತೆಗೆದು, ಡ್ರಾಯರೆಲ್ಲ ಕಿತ್ತು ಹಾಕಿ, ಮೊದಲ ವರ್ಷ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಹಿಡಿಕೆಯೊಂದನ್ನು ಹುಡುಕಿ ತಂದ. ತೂಗಿದರೆ ನೂರ ಇಪ್ಪತ್ತೈದು ಗ್ರಾಂ. ಅದನ್ನು ಅಚ್ಚಿನೊಳಗೆ ಇಟ್ಟು ಬೆರಳಲ್ಲಿ ತಟ್ಟಿದ. ಅಚ್ಚು ಹೊಸದಿದ್ದಾಗ ಗಪ್ಪನೆ ಕೂರುತ್ತಿದ್ದದ್ದು ಈಗ ಅತ್ತಿತ್ತ ಕದಲಿತು. ಸುತ್ತ ಬೆಳಕು ಕಾಣುವಷ್ಟು ಸಂದು.

ದಿನಾ ಉಜ್ಜಿ ಉಜ್ಜಿ ಅಚ್ಚಿನ ಹೊಟ್ಟೆಯನ್ನು ಅವನೇ ದೊಡ್ಡದು ಮಾಡಿದ್ದ. ಲೋಹ ಕೊಳ್ಳೋದು ತೂಕದ ಲೆಕ್ಕ, ಹಿಡಿಕೆ ಮಾರೋದು ಎಣಿಕೆಯ ಲೆಕ್ಕ. ಪ್ರತಿ ಹಿಡಿಕೆಯ ಜೊತೆ ಚೂರು ಲೋಹ ಬಿಟ್ಟಿಯಾಗಿ ಗಿರಾಕಿಯ ಮನೆ ಸೇರುತ್ತಿತ್ತು. ಎರಡನೆಯ ಕುಲುಮೆ ಬಂದಿದ್ದರೆ ಇದೇ ಬಿಟ್ಟಿ ದಾನ ಎರಡರಷ್ಟಾಗುತ್ತಿತ್ತು, ಮನೆಯೂ ಅದರ ಹಿಂದೆಯೇ ಹೋಗುತ್ತಿತ್ತು.

ಹೆಂಡತಿ ಬ್ಯಾಂಕಿನ ಕಾಗದಗಳನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಕುಲುಮೆ ಬೇಡ, ಮೊದಲು ಹೊಸ ಅಚ್ಚು ಮಾಡಿಸಿ, ಅದಕ್ಕೆ ನನ್ನ ಬಳೆ ಸಾಕಾಗುತ್ತೆ ಅಂತಷ್ಟೇ ಹೇಳಿದಳು. ತಮ್ಮನ ಹೆಸರು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಬುಗುರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಎಣ್ಣೆಯ ಕೊಳಾಯಿ ತಿರುಗಿಸಿ ಕುಲುಮೆ ಆರಿಸಿದ. ಆಳುಗಳು ಮುಖ ಮುಖ ನೋಡಿಕೊಂಡರು. ಬುಗುರಿ ಭಾಮೈದನನ್ನು ಹುಡುಕಿಕೊಂಡು ಬಿಸಿಲಲ್ಲೇ ಹೊರಟ.

ಭಾಮೈದ ಈಗ ಒಂದು ಗೋದಾಮಿನಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಭಾವನನ್ನು ಕಂಡು ಎದ್ದು ನಿಂತ, ಆದರೆ ಸುತ್ತಿಗೆ ಕೆಳಗಿಡಲಿಲ್ಲ. ಬುಗುರಿ ನಿಂತಲ್ಲಿ ನಿಲ್ಲಲಾರದೆ ಪೆಟ್ಟಿಗೆಗಳ ಸುತ್ತ ನಡೆಯುತ್ತಲೇ ಎಲ್ಲ ಹೇಳಿದ. ಎಂಟು ಹಿಡಿಕೆ ತೂಗಿದ್ದು, ನೂರ ನಲವತ್ತು ಗ್ರಾಂ ಹೆಚ್ಚಿಗೆ ಬಂದದ್ದು, ಹಳೆಯ ಹಿಡಿಕೆ ಅಚ್ಚಿನಲ್ಲಿ ಕದಲಿದ್ದು, ಒಂದನ್ನೂ ಬಿಡಲಿಲ್ಲ. ಕೊನೆಗೆ ಅವನ ಎದುರು ಬಂದು ನಿಂತ.

"ನೀನು ಕದ್ದಿಲ್ಲ ಅಂತ ಇವತ್ತು ಗೊತ್ತಾಯ್ತು ಕಣೋ. ತಪ್ಪಾಯ್ತು."

ಭಾಮೈದ ಡಬ್ಬಿಯಿಂದ ಒಂದು ಮೊಳೆ ಆರಿಸಿಕೊಂಡ.

"ಅಕ್ಕನಿಗೆ ಅವತ್ತೇ ಗೊತ್ತಿತ್ತು ಭಾವ," ಅಂದ. "ಅವಳೇನೂ ತೂಗಿ ನೋಡಿರಲಿಲ್ಲ."

ಅಷ್ಟು ಹೇಳಿ ಅರ್ಧಕ್ಕೆ ನಿಂತಿದ್ದ ಪೆಟ್ಟಿಗೆಗೆ ಮತ್ತೆ ಮೊಳೆ ಹೊಡೆಯತೊಡಗಿದ.